ಎದಿ ಗುದ್ದಿಕೊಂಡ ಮುಂಬೈ ಕಾಕಾ

ಬಾಗಿಲು ತಗದ್ರ, ಮುಂಬೈ ಕಾಕಾ ಬಿಳಿ ಬಟ್ಟಿ ಉಟ್ಟು ನಿಂತು ಎದಿ ಗುದ್ದಿಕೊಳ್ಳಾಕತ್ತಿದ್ರು! ಅರಬರ ನಾಡಿನ ಅಲ್ ಗರಾಫಾದಾಗ ಅವರಿದ್ದ ಬಿಲ್ಡಿಂಗಿನ ಎಸಿ ರಿಪೇರಿ ನಂದು. ಎಷ್ಟು ಬೆಲ್ ಹೊಡದ್ರೂ ಕಾಕಾ ಬರಲಿಲ್ಲ, ಒಳಗ ಧಬ್ ಧಬ್ ಸಪ್ಪಳ. ಅದಕ್ಕ ಆಫೀಸಿನ ಕೀಲಿ ತಂದು ತಗದಿದ್ದೆ.

ಹಾರ್ಟ್ ಅಟ್ಯಾಕೇ ಅಂದ್ಕೊಂಡೆ. ಓಡಿಹೋಗಿ ಹಿಡಕೊಂಡು ನನ್ನ ನೀರಿನ ಬಾಟ್ಲಿ ಬಾಯಿಗೇ ಇಟ್ಟೆ. ಕಾಕಾ ತುಟಿ ಬಿಗಿಹಿಡಿದು ನನ್ನ ದೂಡಿದ್ರು.

"ಏ ಹುಚ್ಚಾ, ನನ್ನ ಉಪವಾಸ ಮುರೀತಿದ್ದೆಲ್ಲೋ!" ಅಂತ ಹಿಂದಿಯೊಳಗ ಒದರಿದ್ರು. "ನಾವು ಯಹೂದಿಗಳು. ಇವತ್ತು ನಮ್ಮ ಬಾಗಿಲು ಮುಚ್ಚೋ ಹಬ್ಬ. ಸಂಜಿಕ ಆಕಾಶದಾಗ ಚಿಕ್ಕಿ ಮೂಡೂತನಕ ಹನಿ ನೀರೂ ಇಲ್ಲ. ತಪ್ಪು ಹೇಳಿ ಹೇಳಿ ಎದಿ ಗುದ್ದಿಕೊಂಡು ದೇವರ ಕ್ಷಮಾ ಕೇಳ್ತೀವಿ."

"ಹಂಗಾರ ನಿಮ್ಮ ತಪ್ಪು ಭಾಳ ಅದಾವ ಬಿಡ್ರಿ ಕಾಕಾ, ಹೊರಗ ಕೇಳಸ್ತಿತ್ತು!"

ಕಾಕಾ ಬಿದ್ದು ಬಿದ್ದು ನಕ್ರು. "ನನ್ನವಷ್ಟ ಅಲ್ಲೋ. ನಮ್ಮ ಮಂದೀದೆಲ್ಲಾ ಸೇರಿಸಿ ಗುದ್ದಿಕೊಳ್ಳೋದು."

ಸಂಜಿಕ ಚಿಕ್ಕಿ ಕಂಡಕೂಡ್ಲೇ ಬಾಟ್ಲಿ ಹಿಡಕೊಂಡು ಕಾಕಾನ ಮನಿಗೆ ಓಡಿದೆ. ಅದೇ ಬಾಟ್ಲಿ ಗಟಗಟ ಖಾಲಿ ಮಾಡಿದ್ರು.

ಮೊನ್ನೆ ರೂಮಿನ ಗೆಳೆಯಾನ ಕೂಡ ಜಗಳ ಆತು. ಮಾತು ಬಿಟ್ಟು ಕುಂತಾಗ ನನ್ನ ಮುಷ್ಟಿ ತಾನ ಎದಿಗೆ ಹೋತು. ಎರಡು ಸಲ ಗುದ್ದಿಕೊಂಡೆ. ನಂದೊಂದು, ಅವಂದೊಂದು.