ಅತ್ತೆ ಎಳೆದ ಗುರಿ

ನಾನು ನನ್ನ ಗಂಡನ ಬನಿಯನ್ನಿಗೆ ಬಾಣ ಹೊಡೆದಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಆಗ ಅವರು ಅದರೊಳಗೆ ಇರಲಿಲ್ಲ. ಅದು ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಆದರೂ ಎದೆಯ ಎಡಭಾಗದಲ್ಲಿ ಬಿದ್ದ ತೂತನ್ನು ನೋಡಿ ಅವರು ಎರಡು ದಿನ ನನ್ನೊಂದಿಗೆ ವಿಶೇಷ ಪ್ರೀತಿಯಿಂದ ಮಾತಾಡಿದರು.

ನಾನು ಸವಣೂರಿನಲ್ಲಿ ಕನ್ನಡ ಕಲಿಸುವ ಶಿಕ್ಷಕಿ, ವಯಸ್ಸು ಐವತ್ತೊಂದು. ಎರಡು ವರ್ಷದ ಹಿಂದೆ ಶಾಲೆಯ ಹೆಣ್ಣುಮಕ್ಕಳನ್ನು ಶಿಗ್ಗಾಂವಿಯಲ್ಲಿ ನಡೆದ ಬಿಲ್ಲುವಿದ್ಯೆಯ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಮಕ್ಕಳು ವಾರದೊಳಗೆ ಅದನ್ನು ಮರೆತರು. ಹುಚ್ಚು ಹಿಡಿದದ್ದು ಕಾವಲಿಗೆ ಹೋದ ನನಗೆ. ಬಿದಿರಿನ ಬಿಲ್ಲು ತಂದೆ. ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಇಮಾಮಸಾಬರಿಂದ ಹಳೆ ಹತ್ತಿ ತಂದು ಗೋಣಿಚೀಲಕ್ಕೆ ತುಂಬಿ, ಹಿತ್ತಲ ಕಲ್ಲುಗೋಡೆಗೆ ಆನಿಸಿ, ದಿನಾ ಬೆಳಿಗ್ಗೆ ಹೊಡೆಯತೊಡಗಿದೆ. ಇಮಾಮಸಾಬರ ತಂದೆ ಬಿಲ್ಲಿನಂಥದೇ ಉಪಕರಣದ ತಂತಿ ಮೀಟಿ ಅರಳೆ ಹಿಂಜುತ್ತಿದ್ದವರು. ಆ ನಾದ ಕೇಳಿ ಬೆಳೆದ ಮಗ ಗೋಡೆಯಾಚೆಯಿಂದಲೇ ನನ್ನ ವಿದ್ಯೆಯನ್ನು ಅಳೆಯುತ್ತಿದ್ದರು.

“ಅಕ್ಕೋರ, ಹೆದಿ ಸಡ್ಲ ಆಗೇತ್ರಿ. ಬಿಗಿ ಇದ್ರ ಟಣ್ ಅಂತೈತಿ, ನಿಮ್ಮದು ಸೀನಿದಂಗ ಕೇಳಾಕತ್ತೈತಿ.”

ಹೆದೆ ಬಿಗಿ ಮಾಡಿದೆ. ಆರು ತಿಂಗಳಲ್ಲಿ ಚೀಲದ ನಡುವಿನ ಕೆಂಪು ಚುಕ್ಕೆಗೆ ಹತ್ತರಲ್ಲಿ ಏಳು ಬಾಣ ನಾಟತೊಡಗಿದವು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹಾನಗಲ್ಲಿನಲ್ಲಿ ನಲವತ್ತು ದಾಟಿದ ಹವ್ಯಾಸಿಗಳಿಗೆ ಸ್ಪರ್ಧೆ ಇದೆ ಎಂದು ಕೇಳಿ ಹೆಸರು ಕೊಟ್ಟೆ. ನಮ್ಮ ಮುಖ್ಯೋಪಾಧ್ಯಾಯರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಗೆ ಸಾರಿದರು. ಚಪ್ಪಾಳೆಯೂ ಆಯಿತು. ಅದಾದ ಮೇಲೆ ನನ್ನ ಕೈಗೆ ನಿಯಮಗಳ ಹಾಳೆ ಬಂತು: ಅಲ್ಲಿ ಗುರಿ ಒಂದು ಕಡೆ ನಿಂತಿರುವುದಿಲ್ಲ, ತೂಗಾಡುತ್ತಿರುತ್ತದೆ.

ಲಕ್ಷ್ಯ ಎಂಬ ಮಾತಿಗೆ ಗುರಿ ಎಂದೂ ಅರ್ಥ, ಗಮನ ಎಂದೂ ಅರ್ಥ. ಈ ಸೊಗಸನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಗುರಿಯೇ ಓಡತೊಡಗಿದರೆ ಗಮನ ಏನು ಮಾಡಬೇಕು ಎಂಬುದನ್ನು ಮಾತ್ರ ಯಾವ ನಿಘಂಟೂ ಹೇಳಲಿಲ್ಲ.

ಸರಿ, ಗುರಿಯನ್ನು ಓಡಿಸುವ ಕೆಲಸ ಶುರುವಾಯಿತು. ಚೀಲವನ್ನು ಪೇರಲ ಗಿಡಕ್ಕೆ ಕಟ್ಟಿ ಜೋರಾಗಿ ನೂಕಿದೆ. ನೂಕಿ, ಹದಿನೈದು ಹೆಜ್ಜೆ ಓಡಿ ಬಂದು, ಬಾಣ ಹೂಡಿ, ಉಸಿರು ಸರಿಮಾಡಿಕೊಳ್ಳುವುದರೊಳಗೆ ಅದು ನಿಂತು ನನ್ನನ್ನೇ ನೋಡುತ್ತಿತ್ತು. ಆಮೇಲೆ ಹಳೆಯ ಟೈರಿಗೆ ರಟ್ಟು ಬಡಿದು ಉರುಳಿಸಿದೆ. ಅದು ನನ್ನ ಬಾಣಕ್ಕೆ ಕಾಯದೆ ಕೊತ್ತಂಬರಿ ಮಡಿಯನ್ನು ದಾಟಿ, ಅತ್ತೆಯ ತಾಮ್ರದ ಕೊಡವನ್ನು ಕೆಡವಿ, ಬಚ್ಚಲಮನೆಯೊಳಗೆ ಹೋಗಿ ಮಲಗಿತು. ಮೂರನೆಯ ಸಲ ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿನ ಮುಖಕ್ಕೆ ರಟ್ಟು ಕಟ್ಟಿದೆ. ಬಿಲ್ಲು ಎತ್ತಿದ ಗಳಿಗೆಯಲ್ಲೇ ಕರೆಂಟು ಹೋಯಿತು. ಫ್ಯಾನಿನ ಪುಣ್ಯ.

ಕೊನೆಗೆ ಬಟ್ಟೆ ಒಣಹಾಕುವ ತಂತಿಗೆ ಎರಡು ಕಬ್ಬಿಣದ ಬಳೆ ಸಿಕ್ಕಿಸಿ ಚೀಲ ತೂಗುಬಿಟ್ಟೆ. ಚೀಲಕ್ಕೆ ಹಗ್ಗ ಕಟ್ಟಿ, ಹಾಳು ಬಾವಿಯ ಗಡಗಡಿಯ ಮೇಲಿಂದ ಅದನ್ನು ಹಾಯಿಸಿ, ತುದಿಯನ್ನು ಬಚ್ಚಲಗೋಡೆಯ ಮರೆಯಲ್ಲಿ ನಮ್ಮ ಮನೆಯವರ ಕೈಗೆ ಕೊಟ್ಟೆ. ಬನಿಯನ್ನಿಗೆ ಪೆಟ್ಟು ಬಿದ್ದದ್ದು ಆ ಮೊದಲ ದಿನವೇ. ನಮ್ಮವರು ತಾಲೂಕು ಕಚೇರಿಯ ಗುಮಾಸ್ತರು. ಅನುಮತಿಯಿಲ್ಲದೆ ಏನನ್ನೂ ಕದಲಿಸುವವರಲ್ಲ.

“ಎಳೀಲೇನು?” ಎಂದು ಪ್ರತಿ ಸಲ ಕೇಳುವರು. ನಾನು ಹೂಂ ಎಂದ ಮೇಲೆ ಚೀಲ ಕಡತದಂತೆ ನಿಧಾನವಾಗಿ ಸರಿಯುವುದು.

ನಾಲ್ಕನೆಯ ದಿನ, ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ ಅತ್ತೆ ತಟ್ಟೆ ಕೆಳಗಿಟ್ಟು ಎದ್ದರು.

“ಏನ್ ಮಾಡಾಕತ್ತಿಯೋ? ಮೆರವಣಗಿ ಹೊಂಟೈತೇನು? ಕೊಡಿಲ್ಲೆ ಹಗ್ಗ.”

ನನಗೂ ಅತ್ತೆಗೂ ಜಗಳವಿಲ್ಲ. ಇಪ್ಪತ್ತಾರು ವರ್ಷಗಳಿಂದ ಒಂದೇ ಕಚೇರಿಯ ಎರಡು ಮೇಜಿನವರಂತೆ ಮರ್ಯಾದೆಯಿಂದ ಇದ್ದೇವೆ. ಅವರು ನನ್ನಲ್ಲಿ ತಪ್ಪು ಹುಡುಕುತ್ತಾರೆ, ನಾನು “ಹೂನ್ರಿ” ಎನ್ನುತ್ತೇನೆ, ಒಳಗೆ ಹೋಗಿ ಡಬ್ಬಿಗಳನ್ನು ಸ್ವಲ್ಪ ಜೋರಾಗಿ ಮುಚ್ಚುತ್ತೇನೆ. ಎಪ್ಪತ್ತಾರರ ಆ ಹೆಂಗಸಿನೊಳಗೆ ಇಂಥ ಕಿಲಾಡಿ ಅಡಗಿದ್ದಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಬಚ್ಚಲಗೋಡೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಚೀಲ ಅರ್ಧ ದಾರಿಗೆ ಬಂದು ಗಕ್ಕನೆ ನಿಂತಿತು; ನನ್ನ ಬಾಣ ಅದರ ಮುಂದಿನಿಂದ ಹೋಯಿತು. ಮುಂದಿನ ಬಾಣ ಬಿಡುವಾಗ ನಿಲ್ಲುತ್ತದೆಂದು ಕಾದೆ, ಚೀಲ ಜಿಗಿದೋಡಿತು. ಒಮ್ಮೆ ಹಗ್ಗ ಸಡಿಲಿಸಿ ಅದನ್ನು ಹಿಂದಕ್ಕೇ ತೂಗಿಬಿಟ್ಟರು. ಬಚ್ಚಲಗೋಡೆಯ ಹಿಂದಿನಿಂದ ಕಿಸಿಕಿಸಿ ನಗು.

“ಹೊಡಿ ನೋಡೂಣು, ಶಾರದಾ! ಪಾಠ ಹೇಳಿದಷ್ಟು ಸಸಾರ ಐತೇನು?”

ಮೂರು ವಾರ ಹೀಗೆ ನಡೆಯಿತು. ಬೆಳ್ಳುಳ್ಳಿ ಸುಲಿಯುವ ಕೆಲಸ ನಮ್ಮವರ ಪಾಲಿಗೆ ಬಂತು. ಅತ್ತೆ ಬೆಳಿಗ್ಗೆ ನನಗಿಂತ ಮೊದಲು ಹಿತ್ತಲಲ್ಲಿರುತ್ತಿದ್ದರು. ಅವರ ಮೋಸಗಳನ್ನು ಒಂದೊಂದಾಗಿ ಕಲಿತೆ. ಹಗ್ಗ ಎಳೆಯುವ ಮುಂಚೆ ಅವರ ಬಳೆ ಸದ್ದು ಮಾಡುತ್ತದೆ ಎಂದು ಕಂಡುಕೊಂಡು ಎರಡು ದಿನ ಗೆದ್ದೆ. ಮೂರನೆಯ ದಿನ ಅವರು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬಂದರು.

ಸ್ಪರ್ಧೆಯ ದಿನ ಅತ್ತೆಯೂ ಹೊರಟರು, ಮೆಲ್ಲಲು ಖಾರಾದ ಪೊಟ್ಟಣ ಹಿಡಿದು. ಹಾನಗಲ್ಲಿನ ಮೈದಾನದಲ್ಲಿ ಹುಲ್ಲಿನ ಚಕ್ರವೊಂದು ಕಂಬಕ್ಕೆ ಜೋತುಬಿದ್ದು, ಹುಡುಗನೊಬ್ಬ ಹಿಡಿದ ಹಗ್ಗಕ್ಕೆ ಆಚೆ ಈಚೆ ತೂಗುತ್ತಿತ್ತು, ಗಡಿಯಾರದ ಲೋಲಕದಷ್ಟು ಪ್ರಾಮಾಣಿಕವಾಗಿ. ಐದು ಬಾಣಗಳ ಅವಕಾಶ. ಮೊದಲನೆಯದನ್ನು ಹೂಡಿ, ಅದು ಎಲ್ಲಿ ಗಕ್ಕನೆ ನಿಲ್ಲುತ್ತದೋ ಎಂದು ಕಾದೆ. ನಿಲ್ಲಲಿಲ್ಲ. ಬಾಣ ತಪ್ಪಿತು. ಎರಡನೆಯದಕ್ಕೆ ಅದು ಜಿಗಿಯಬಹುದೆಂದು ಮುಂದೆ ಹೊಡೆದೆ. ಜಿಗಿಯಲಿಲ್ಲ. ಮೂರನೆಯದೂ ಮಣ್ಣಿಗೆ ಹೋಯಿತು. ಪ್ರಾರ್ಥನೆಯ ಚಪ್ಪಾಳೆ ಕಿವಿಯಲ್ಲಿ ಮೊಳಗಿತು. ಅಷ್ಟರಲ್ಲಿ ಜನರ ನಡುವಿನಿಂದ, ಬಾಯ್ತುಂಬ ಖಾರಾ ಇಟ್ಟುಕೊಂಡ ಕಂಠವೊಂದು ಕೂಗಿತು:

“ಶಾರದಾ! ಅದು ಸಾದಾ ಐತಿ! ನನ್ನಂಗ ಮೋಸ ಮಾಡಂಗಿಲ್ಲ! ಹೊಡಿ!”

ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಬಿಟ್ಟ ನಾಲ್ಕನೆಯ ಬಾಣ ಚಕ್ರದ ಅಂಚಿಗೆ ನಟ್ಟಿತು. ಐದನೆಯದು ನಟ್ಟನಡುವೆ. ಬಹುಮಾನ ಮೂವರಿಗೆ ಇತ್ತು, ನಾನು ನಾಲ್ಕನೆಯವಳು. ಬಸ್ಸಿನಲ್ಲಿ ಅತ್ತೆಗೆ ನನ್ನ ಸ್ಥಾನದ ಬೇಸರವಿರಲಿಲ್ಲ. ಗುರಿ ತೂಗಿದವನ ಮೇಲೆ ಸಿಟ್ಟಿತ್ತು. “ಅವಗ ಏನೂ ಬರಂಗಿಲ್ಲ ಬಿಡು,” ಎಂದು ಸವಣೂರು ಬರುವವರೆಗೂ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಬಿಲ್ಲು ಅವರ ಕೈಯಲ್ಲಿತ್ತು.

“ಇವತ್ತ ನೀ ಎಳಿ. ನಾ ಹೊಡಿತೇನಿ.”

ನಾನು ಒಗೆಯುವ ಕಲ್ಲಿನ ಮೇಲೆ ಕುಳಿತು, ವಯಸ್ಸಾದವರೆಂದು ಚೀಲವನ್ನು ಮೆಲ್ಲಗೆ ಎಳೆದೆ. ಟಣ್ ಎನ್ನದೆ, ಸೀನಿದ ಸದ್ದೂ ಬಾರದೆ, ಬಾಣ ನಾಲ್ಕು ಹೆಜ್ಜೆ ಹೋಗಿ ಕೊತ್ತಂಬರಿಯಲ್ಲಿ ಅಡ್ಡ ಬಿದ್ದಿತು. ಅತ್ತೆಯ ದನಿ ಬಂತು.

“ಹಿಂಗ ಎಳಿತಾರೇನು? ಇಷ್ಟ ವರ್ಷ ಆತು, ನಿಂಗ ಒಂದು ಹಗ್ಗ ನೆಟ್ಟಗ ಎಳಿಯಾಕ ಬರಂಗಿಲ್ಲಲ್ಲ!”

ಇಪ್ಪತ್ತಾರು ವರ್ಷಗಳಿಂದ ಕೇಳಿದ ಅದೇ ದನಿ, ಅದೇ ಧಾಟಿ. ಆದರೆ ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಕಲ್ಲಿನಿಂದ ಜಾರುವಷ್ಟಾಯಿತು.

“ಇನ್ನೊಂದ್ಸಲ ಹೊಡೀರಿ ಅತ್ತಿ. ಈ ಸಲ ನೆಟ್ಟಗ ಎಳಿತೇನಿ,” ಎಂದೆ.

ಎಳೆಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.