ಜಡ್ಡುಗಟ್ಟಿದ ಮೊಣಕಾಲು

ಬಾಜೂ ಮನೆಯ ಅಕ್ಕನ ಎರಡೂ ಮೊಣಕಾಲು ಕರ್ರಗೆ ಜಡ್ಡುಗಟ್ಟಿದ್ದವು. ಒಮ್ಮೆ ನಳದ ಹತ್ತಿರ ಸೀರೆ ಎತ್ತಿ ಕಟ್ಟಿ ಕೌದಿ ತುಳಿಯುತ್ತಿದ್ದಾಗ ನಾನು ಅವನ್ನು ಮೊದಲ ಸಲ ಕಂಡೆ. ಎಲ್ಲೋ ಬಿದ್ದಿರಬೇಕು ಎಂದುಕೊಂಡು ಕೇಳಿದೆ. ಅಕ್ಕ ತುಳಿಯುವುದನ್ನು ನಿಲ್ಲಿಸದೆ ನಕ್ಕಳು.

"ನೆಲದ ಫರ್ಸಿಕಲ್ಲು ಭಾಳ ಗಟ್ಟಿ ಅದ, ದೇವರು ಭಾಳ ತಡಾ ಮಾಡ್ತಾನ. ನಡುವ ಮೊಣಕಾಲೇನ್ ಮಾಡಬೇಕ್ರಿ ವೈನಿ?"

ಶಹಾಬಾದಿನಲ್ಲಿ ನೆಲವೂ ಕಲ್ಲೇ, ಗೋಡೆಯೂ ಕಲ್ಲೇ. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅಕ್ಕ ಅಂಗನವಾಡಿ ಟೀಚರು. ಅವಳ ಗಂಡ ಕಲ್ಲು ಪಾಲಿಷ್ ಮಾಡುವ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಭಾನುವಾರ ಇಬ್ಬರೂ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋಗುತ್ತಿದ್ದರು. ನಮ್ಮದು ತುಳಸಿಕಟ್ಟೆ, ಏಕಾದಶಿಯ ವೈಷ್ಣವರ ಮನೆ. ನನ್ನವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು.

ಸುತ್ತಿ ಬಳಸಿ ಹೇಳುವುದೇಕೆ, ಅಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಂದೇ ಅಂಗಡಿಯ ತೊಗರಿಬೇಳೆ ತಂದರೂ ಅವಳ ಸಾರಿನ ಘಮ ಓಣಿಯ ತುದಿಯವರೆಗೆ ಹೋಗುತ್ತಿತ್ತು. ತಲೆದಿಂಬಿಗೆ ತಲೆ ತಾಗಿದರೆ ಸಾಕು, ಅವಳಿಗೆ ನಿದ್ದೆ, ನಾನೋ ಹೊರಳಾಡುವವಳು. ಎಲ್ಲಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು ಅವಳ ಹಾಡು. ಬೆಳಗಿನ ಜಾವ ಮೊಣಕಾಲೂರಿ ಪ್ರಾರ್ಥನೆ ಮಾಡಿ, ಆಮೇಲೆ ಹಾಡುತ್ತಿದ್ದಳು. ರಾಗವಿಲ್ಲ, ಶ್ರುತಿಯಿಲ್ಲ, ಪ್ರತಿ ಸಾಲಿನ ಕೊನೆಗೆ "ಸ್ತೋತ್ರ, ಸ್ತೋತ್ರ" ಅಂತ ಒಂದು ಎಳೆತ. ನಾನು ಚಿಕ್ಕಂದಿನಲ್ಲಿ ಪೇಟಿ ಮಾಸ್ತರರ ಮುಂದೆ ಕೂತು ಸಂಗೀತ ಕಲಿತವಳು. ಕಲಿತ ನಾನು ಹಾಡುವುದನ್ನೇ ಬಿಟ್ಟಿದ್ದೆ. ಕಲಿಯದ ಅವಳು ಒಂದು ದಿನವೂ ಬಿಟ್ಟವಳಲ್ಲ.

ಒಂದೇ ಬೇಸಿಗೆಯಲ್ಲಿ ಎರಡೂ ಮನೆಗೆ ಕಷ್ಟ ಬಂತು. ಅವಳ ಗಂಡನ ಕಿಡ್ನಿ ಕೈಕೊಟ್ಟವು. ನನ್ನವರಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತು ಪೂರ್ತಿ ನಿಂತುಹೋಯಿತು. ಕ್ಲಾಸಿನ ಕೊನೆಯ ಬೆಂಚಿನವರೆಗೂ ಕೇಳುವಂಥ ದನಿಯ ಮನುಷ್ಯ ನೀರು ಬೇಕೆಂದರೆ ಲೋಟ ತೋರಿಸಬೇಕಾಯಿತು. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಆ 'ಬರದೆಯೂ ಇರಬಹುದು' ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಕಲಬುರಗಿಗೆ ಒಂದೇ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆವು. ಅವಳು ಗಂಡನ ಡಯಾಲಿಸಿಸ್‌ಗೆ, ನಾನು ನನ್ನವರ ವ್ಯಾಯಾಮಕ್ಕೆ. ಡಬ್ಬಿ ತುಂಬಿ ತುಳುಕುತ್ತಿದ್ದರೂ ಅಕ್ಕ "ಅಣ್ಣಾ, ಜರಾ ಸರೀರಿ, ಪೇಷಂಟ್ ಅದಾರ" ಅಂದರೆ ಜನ ಸರಿಯುತ್ತಿದ್ದರು. ಮೊದಲು ನನ್ನವರನ್ನು ಕೂರಿಸಿ, ಆಮೇಲೆ ತನ್ನ ಗಂಡನನ್ನು ಕೂರಿಸುತ್ತಿದ್ದಳು. ಅದಕ್ಕೂ ನನ್ನ ಹೊಟ್ಟೆ ಉರಿಯುತ್ತಿತ್ತು, ನಾನು ಕೇಳಿದರೆ ಯಾರೂ ಸರಿಯುತ್ತಿರಲಿಲ್ಲವಲ್ಲ ಅಂತ.

"ನಿಮಗ ಅಂಜಿಕಿನೇ ಆಗಂಗಿಲ್ಲೇನ್ರಿ ಅಕ್ಕಾ?" ಒಮ್ಮೆ ಕೇಳಿಯೇಬಿಟ್ಟೆ.

"ಯಾಕ ಆಗಂಗಿಲ್ಲ? ಆಗ್ತದ. ಆದ್ರ ನಾ ಒಬ್ಬಾಕಿನೇ ಕುಂತು ಅಂಜಂಗಿಲ್ಲ."

ಈ ಮಾತು ಕೇಳಿದ ಮೇಲೆ ನನಗೆ ಒಂದೇ ಆಸೆ. ಇವಳು ಒಮ್ಮೆ ಮುರಿಯಬೇಕು. ನನ್ನ ಹಾಗೆ ಇವಳೂ ಒಮ್ಮೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು, ಅದನ್ನು ನಾನು ಕೇಳಬೇಕು.

ಕೇಳಿದೆ ಕೂಡ. ಅವಳ ಗಂಡನಿಗೆ ಭಾಳ ಜಾಸ್ತಿಯಾಗಿದ್ದ ದಿನಗಳವು. ಬೆಳಗಿನ ಜಾವ ಗೋಡೆಯಾಚೆ ಹಾಡಿನ ಬದಲು ಬೈಗುಳ ಕೇಳಿಸಿತು.

"ಏನ್ ನಡಸೀಯಪ್ಪಾ ದೇವರೇ ನೀ? ನಿನ್ನ ಕಣ್ಣಿಗೇನು ಪರದೆ ಬಂದದ? ಆ ಮನುಷ್ಯಾ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜಾಲರಿ ಆಗ್ಯಾನ. ನಾ ಕೇಳೂದಂತೂ ಬಿಡಂಗಿಲ್ಲ, ನೀ ಎಷ್ಟರ ಸುಮ್ಮ ಕುಂದ್ರು!"

ಮುರಿದಳು, ಅಂದುಕೊಂಡೆ. ಖುಷಿಯೇ ಆಯಿತು. ಆದರೆ ಮೂಗು ಸೀಟಿದ ಸದ್ದಿನ ಬೆನ್ನಿಗೇ ಅಕ್ಕ ಹೇಳಿದಳು: "ಆಯ್ತು. ನಾಳಿ ಮತ್ತ ಬರ್ತೀನಿ." ಆಮೇಲೆ ಅದೇ ಶ್ರುತಿಗೆಟ್ಟ ಹಾಡು ಶುರುವಾಯಿತು.

ನನ್ನ ಖುಷಿ ಅಲ್ಲೇ ಬೂದಿಯಾಯಿತು. ನಾನು ನನ್ನ ದೇವರ ಮುಂದೆ ಸಕ್ಕರೆ ಬಟ್ಟಲಿಟ್ಟು, ಸಾಹೇಬರ ಮುಂದೆ ನಿಂತವಳ ಹಾಗೆ ತಗ್ಗಿದ ದನಿಯಲ್ಲಿ ಬೇಡಿಕೊಳ್ಳುತ್ತಿದ್ದೆ. ಇವಳು ಮನೆಯವನನ್ನು ಬೈದ ಹಾಗೆ ಬೈಯುತ್ತಾಳೆ! ಇಷ್ಟು ಜಗಳ ಆಡಿಯೂ ನಾಳೆ ಮತ್ತೆ ಹೋಗಬಹುದಾದ ಬಾಗಿಲು ಇವಳಿಗೊಂದು ಇದೆ. ಅವಳ ನೆಮ್ಮದಿಗಿಂತ ಆ ಜಗಳಕ್ಕೇ ನಾನು ಹೆಚ್ಚು ಕರುಬಿದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಗಂಡ ತೀರಿಕೊಂಡ. ನನ್ನ ಗಂಡ ಉಳಿದ, ಅವಳ ಗಂಡ ಹೋದ. ಇನ್ನಾದರೂ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಗೋಡೆಯಾಚೆ ಹಾಡು ಎದ್ದಿತು. ಒಡಕು ದನಿ, ನಡುನಡುವೆ ಬಿಕ್ಕು, ಆದರೂ ಹಾಡು. ನಾನು ನನ್ನವರಿಗೆ ಗಂಜಿ ಕುಡಿಸುತ್ತಿದ್ದೆ. ಅವರು ಚಮಚ ಸರಿಸಿದರು. ಎಡಗೈ ಮಂಚದ ಪಟ್ಟಿಯ ಮೇಲೆ ತಾಳ ಹಾಕಿತು. ಬಾಯಿ ಸೊಟ್ಟಗೆ ತೆರೆದು, ಆ ರಾಗದಲ್ಲೇ, "ಸ್ತೋ... ಸ್ತೋತ್ರ" ಅಂದರು.

ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಉಣಿಸಿದವಳು ನಾನು, ತೊಳೆದವಳು ನಾನು, ಬಾಯಿ ಬಿಟ್ಟದ್ದು ಅವಳ ಹಾಡಿಗೆ! ನೆಟ್ಟಗೆ ಅವಳ ಮನೆಗೆ ನುಗ್ಗಿದೆ. ಸಾವಿನ ಮನೆ ಅನ್ನುವುದನ್ನೂ ನೋಡಲಿಲ್ಲ.

"ಅಕ್ಕಾ, ನಮ್ಮವರು ನಿಮ್ಮ ಹಾಡಿಗೆ ಬಾಯಿ ಬಿಟ್ಟಾರ. ನನಗ ಒಂದು ಅಕ್ಷರಾ ಅಂದಿಲ್ಲ."

ಅತ್ತು ಊದಿದ ಅಕ್ಕನ ಕಣ್ಣುಗಳು ಅರಳಿದವು. "ನನ್ನಂಥಾಕಿ ಹಾಡಿದ್ರೇ ಇಷ್ಟು ಬಂದದ. ನಿಮಗ ಛಲೋ ಹಾಡಲಿಕ್ಕ ಬರ್ತದ, ಬಾಯಿ ಹೊಲಕೊಂಡ್ ಕುಂತೀರಿ. ಹೋಗ್ರಿ, ನಿಮ್ಮ ದೇವರ ಪದಾ ಹಾಡ್ರಿ ವೈನಿ."

ನನಗೆ ತಡೆಯಲಾಗಲಿಲ್ಲ. "ನಿಮ್ಮವರನ್ನ ಒಯ್ದಾನಲ್ರಿ ನಿಮ್ಮ ದೇವರು. ಮತ್ತ್ಯಾಕ ಅವಗ ಹಾಡ್ತೀರಿ?"

ಅಕ್ಕ ಬರಿ ನೆಲವನ್ನು ಅಂಗೈಯಿಂದ ಸವರಿದಳು. "ಎರಿ ಮಣ್ಣಾಗ ಮನಿ ಕಟ್ಟಾವ್ರು ಕಲ್ಲು ಹತ್ತೋತನಕಾ ಅಗೀತಾರ. ಮ್ಯಾಲ ಮ್ಯಾಲ ಬುನಾದಿ ಹಾಕಿದ್ರ ಗ್ವಾಡಿ ಸೀಳ್ತಾವ. ಈ ಸಲ ಭಾಳ ಆಳ ಅಗದೀನ್ರಿ. ಅಗದು ಅಗದು ಕೈ ಸೋತು ಹೋದ್ವು. ಆದ್ರ ತಳದಾಗ ಯೇಸುಸ್ವಾಮಿ ಅದಾನ. ಕಲ್ಲು ಹತ್ತ್ಯದ."

ಮನೆಗೆ ಬಂದು ಹಾಡಿದೆ. ಭಕ್ತಿಯಿಂದ ಅಂದರೆ ಸುಳ್ಳಾದೀತು, ಅವಳನ್ನು ಸೋಲಿಸಬೇಕು ಅಂತಲೇ ಹಾಡಿದೆ. ಆಮೇಲೆ ದಿನವೂ ಗೋಡೆಯ ಆಚೆ ಒಂದು ಹಾಡು, ಈಚೆ ಒಂದು ಪದ. ನನ್ನವರು ಎರಡಕ್ಕೂ ದನಿ ಕೂಡಿಸಿದರು. ಪದದ ಬೆನ್ನಿಗೆ ಒಂದೊಂದೇ ಮಾತು ಬಂತು. ದೀಪಾವಳಿಯ ಹೊತ್ತಿಗೆ ನನ್ನ ಹೆಸರು ಹಿಡಿದು ಕರೆದು ಚಹಾ ಕೇಳಿದರು. ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ.

ಹೋದ ಚಳಿಗಾಲ ಅಕ್ಕ ನಿದ್ದೆಯಲ್ಲೇ ಹೋದಳು. ನಿದ್ದೆಯ ವಿಷಯದಲ್ಲಿ ಕೊನೆಗೂ ಅವಳೇ ಗೆದ್ದಳು. ಚಿತ್ತಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದ ಅವಳ ಮಗಳು ಬಂದಳು. ಇಬ್ಬರೂ ಸೇರಿ ಅವಳ ಮೈ ತೊಳೆದೆವು. ಆ ಎರಡು ಕಪ್ಪು ಮೊಣಕಾಲುಗಳನ್ನು ನಾನೇ ತೊಳೆದೆ, ಅವನ್ನು ಮಗಳಿಗೆ ಬಿಡಲಿಲ್ಲ. ಸಮಾಧಿಯ ಹತ್ತಿರ ನನ್ನವರು ಕೋಲೂರಿ ನಿಂತು ಅವಳ ಹಾಡಿನ ಒಂದು ಸಾಲು ಹಾಡಿದರು. ಅವಳ ಹಾಗೆಯೇ, ಶ್ರುತಿ ತಪ್ಪಿಸಿ.

ಈಗ ಬೆಳಗಿನ ಜಾವ ಗೋಡೆಯಾಚೆ ಸದ್ದಿಲ್ಲ. ನಾನು ದೇವರಮನೆಯಲ್ಲಿ ದೀಪ ಹಚ್ಚಿ, ಸಕ್ಕರೆ ಬಟ್ಟಲು ಪಕ್ಕಕ್ಕಿಟ್ಟು, ಅಕ್ಕನ ಹಾಗೆ ಮೊಣಕಾಲೂರಿ ಜಗಳ ತೆಗೆಯುತ್ತೇನೆ. ಅಷ್ಟು ಒಳ್ಳೆಯವಳನ್ನು ಯಾಕೆ ಒಯ್ದೆ ಅಂತ ಕೇಳುತ್ತೇನೆ. ಕೇಳಿ ಸಾಕಾದಾಗ "ನಾಳಿ ಮತ್ತ ಬರ್ತೀನಿ" ಅಂದು ಏಳುತ್ತೇನೆ.

ಮೊನ್ನೆ ಸ್ನಾನ ಮಾಡುವಾಗ ನನ್ನ ಮೊಣಕಾಲು ಮುಟ್ಟಿ ನೋಡಿಕೊಂಡೆ. ಇನ್ನೂ ಮೆತ್ತಗೇ ಇವೆ. ಅಕ್ಕನನ್ನು ನೆನೆದು ಮತ್ತೆ ಹೊಟ್ಟೆಕಿಚ್ಚಾಯಿತು.