ಕೆಳಗೆ ಗೆರೆ ಎಳೆದ ಗ

ಮಹಡಿ ಕೋಣೆಯ ಸಂಗೀತದ ಮೇಷ್ಟ್ರಿಗೆ ಹಾಡುಗಾರರೆಂದರೆ ಅಷ್ಟಕ್ಕಷ್ಟೆ. ಹಾಡಲು ಗಂಟಲು ಸಾಕು, ಕೇಳಿದ್ದನ್ನು ಸ್ವರ ಹಾಕಿ ಬರೆಯಲು ಕಿವಿ ಬೇಕು ಎಂದು ಪಾಠಕ್ಕೆ ಬಂದವರಿಗೆ ಮೊದಲ ದಿನವೇ ಘೋಷಿಸುತ್ತಿದ್ದರು. ಆ ಕಿವಿ ಊರಲ್ಲಿ ಯಾರಿಗಿದೆ ಎಂದು ಹೇಳುತ್ತಿರಲಿಲ್ಲ. ತಾವೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ನೋಡಿ.

ಮೇಷ್ಟ್ರು ಹಾರ್ಮೋನಿಯಂನಲ್ಲಿ ಒಂದು ಮಟ್ಟನ್ನು ಮೂರು ಸಲ ನುಡಿಸುವರು. ಹೊಸಬರು ಅದನ್ನು ಸರಿಗಮದಲ್ಲಿ ಬರೆಯಬೇಕು. ಇಳಿದ ಸ್ವರವಾದರೆ ಕೆಳಗೊಂದು ಗೆರೆ. ಆಮೇಲೆ ಮೇಷ್ಟ್ರ ಕೆಂಪು ಪೆನ್ನು ಹೊರಡುತ್ತಿತ್ತು.

ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವಾಕೆ ನಲವತ್ತು ದಾಟಿದ ಮೇಲೆ ಪಾಠಕ್ಕೆ ಸೇರಿದ್ದಳು. ಮುದಿ ತಾಯಿ ಗುನುಗುವ ಮಟ್ಟುಗಳನ್ನು, ತಾಯಿ ಇರುವಾಗಲೇ ಬರೆದಿಟ್ಟುಕೊಳ್ಳಬೇಕೆಂಬ ಆಸೆ. ಉಳಿದ ಆರು ಮಂದಿ ಮೇಷ್ಟ್ರ ಬೆರಳು ಎಲ್ಲಿ ಬೀಳುತ್ತದೆಂದು ಕಳ್ಳಗಣ್ಣಲ್ಲಿ ನೋಡಿ ಬರೆಯುತ್ತಿದ್ದರು. ಈಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ವಾರವಾರವೂ ಗ ಕೆಳಗೆ ಗೆರೆ ಎಳೆಯುತ್ತಿದ್ದಳು.

"ಮತ್ತೆ ಗೆರೆ! ಗಾಂಧಾರದ ಮೇಲೆ ನಿಮಗೇನಮ್ಮ ಹಗೆ?"

"ನನಗೆ ಹಾಗೇ ಕೇಳ್ಸುತ್ತೆ ಮೇಷ್ಟ್ರೇ."

"ಕೇಳ್ಸೋದು ಬೇರೆ, ಇರೋದು ಬೇರೆ. ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸಾಕು. ಇದಕ್ಕೆ ಕಿವಿ ಬೇಕು."

ಆರು ಮಂದಿ ನಕ್ಕರು. ಮುಂದಿನ ವಾರದಿಂದ ಆಕೆ ಬರಲಿಲ್ಲ.

ಅದಾಗಿ ಏಳೆಂಟು ತಿಂಗಳಿಗೆ, ಗಾಳಿ ಊದುವ ತಿದಿ ಹರಿದು, ಮೇಷ್ಟ್ರ ಹಾರ್ಮೋನಿಯಂ ರಿಪೇರಿಯವನ ಮೇಜು ಹತ್ತಿತು. ಅವನು ಒಂದೊಂದೇ ಸ್ವರದ ಮನೆ ಒತ್ತುತ್ತಾ ಬಂದು ಗ ಹತ್ತಿರ ನಿಂತ.

"ಇದು ಯಾವಾಗಿಂದ ಹೀಗಿದೆ ಸ್ವಾಮಿ?"

"ಹೇಗಿದೆ?"

"ಒಳಗಿನ ಹಿತ್ತಾಳೆ ರೀಡು ಬುಡದಲ್ಲಿ ಸೀಳುಬಿಟ್ಟಿದೆ. ಸ್ವರ ಪೂರ್ತಿ ಒಂದು ಮನೆ ಇಳಿದುಬಿಟ್ಟಿದೆ. ವರ್ಷದ ಮೇಲಾಗಿರಬೇಕು. ನೀವು ಇದನ್ನ ನುಡಿಸೋದು ಅಪರೂಪವೇನೋ?"

"ದಿನಾ ನುಡಿಸ್ತೀನಿ."

"ಕೇಳೋದು ಅಪರೂಪ ಅನ್ನಿ," ಎಂದ ಆತ, ತಲೆ ಎತ್ತದೆ.

ಮೂವತ್ತು ವರ್ಷ ಅವೇ ಮಟ್ಟುಗಳನ್ನು ನುಡಿಸಿದ ಮೇಷ್ಟ್ರಿಗೆ ತಲೆಯೊಳಗಿನ ಗ ಕೇಳಿಸುತ್ತಿತ್ತೇ ಹೊರತು ಹಾರ್ಮೋನಿಯಂ ಪೆಟ್ಟಿಗೆಯದಲ್ಲ. ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದರು.

"ಪೆಟ್ಟಿಗೆಗೆ ನೆಗಡಿಯಾಗಿದೆ ಅಂತ ನಾನು ಹೋದ ವರ್ಷವೇ ಹೇಳಿದ್ದೆ. ನಿನಗೇನು ಗೊತ್ತು ಅಂದ್ರಿ," ಎಂದಳು ಆಕೆ.

ಮರುದಿನ ಬೆಳಿಗ್ಗೆಯೇ ಮೇಷ್ಟ್ರು ಹೊಲಿಗೆ ಅಂಗಡಿಗೆ ಹೋದರು. ದಾರಿಯುದ್ದಕ್ಕೂ ಗಂಭೀರವಾದ ನಾಲ್ಕು ಮಾತು ಜೋಡಿಸಿಕೊಂಡಿದ್ದರು. ಮಿಷನ್ನಿನ ಮುಂದೆ ನಿಂತಾಗ ಒಂದೂ ಬರಲಿಲ್ಲ.

"ನೀವು ಬರೆದದ್ದೇ ಸರಿ ಕಣಮ್ಮ. ಪೆಟ್ಟಿಗೆ ಕೆಟ್ಟಿತ್ತು. ನಾನೂ."

ಆಕೆ ಮಿಷನ್ ನಿಲ್ಲಿಸಿದಳು. "ಅಮ್ಮ ಹೋಗಿ ನಾಲ್ಕು ತಿಂಗಳಾಯ್ತು ಮೇಷ್ಟ್ರೇ."

"ಅವರ ಮಟ್ಟು... ಒಂದಾದ್ರೂ ಬರೆದ್ರಾ?"

"ಐದು ಬರೆದಿದ್ದೆ. ಎಲ್ಲದರಲ್ಲೂ ಗ ಕೆಳಗೆ ಗೆರೆ ಬಂತು. ತಪ್ಪೇ ಇರ್ಬೇಕು ಅಂತ ಹರಿದು ಹಾಕ್ದೆ."

ಮೇಷ್ಟ್ರು ಜೇಬಿನಿಂದ ಕಾಗದ ತೆಗೆದರು. "ಈಗ ಹಾಡಿ. ನಾನು ಬರೀತೀನಿ. ಎಷ್ಟು ಸಲ ಬೇಕಾದ್ರೂ."

ಆಕೆ ಕಣ್ಣು ಮುಚ್ಚಿ ಗುನುಗಲು ತೊಡಗಿದಳು. ಅರ್ಧ ಸಾಲು ದಾಟಿ ತಡೆದಳು. ಮತ್ತೆ ಮೊದಲಿಂದ ಹಿಡಿದಳು. ಒಮ್ಮೆ ಏರಿಸಿದಳು, ಒಮ್ಮೆ ಇಳಿಸಿದಳು.

"ಅಮ್ಮ ಇಲ್ಲಿ ಇಳಿಸ್ತಿದ್ಲಾ, ಇಲ್ವಾ? ಆವಾಗ ಸರಿಯಾಗಿ ಗೊತ್ತಿತ್ತು. ನೀವೇ ಹೇಳಿ ಮೇಷ್ಟ್ರೇ, ಯಾವುದು ಸರಿ?"

ಮೇಷ್ಟ್ರು ಕಾಗದದ ಮೇಲೆ ಗ ಎಂದು ಬರೆದರು. ಅದರ ಕೆಳಗೆ ಪೆನ್ನು ಇಟ್ಟುಕೊಂಡು ತುಂಬಾ ಹೊತ್ತು ಕೂತರು. ಗೆರೆ ಎಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.